ಜವಳಿ ಅಂಗಡಿಯ ಕಾಕಾನ ಮುಖ

ಜಮಖಂಡಿಯಲ್ಲಿ ನಾನು ಗಂಡಸರ ಪಾರ್ಲರ್ ನಡೆಸುತ್ತಿದ್ದ ಕಾಲಕ್ಕೆ ಗಂಡಸರಿಗೆಲ್ಲ ಫೇಶಿಯಲ್ ಬೇಕಿತ್ತು, ಆದರೆ ಫೇಶಿಯಲ್ ಬೇಕು ಎಂದು ಬಾಯಿಬಿಟ್ಟು ಕೇಳುವ ಗಂಡಸು ಒಬ್ಬನೂ ಇರಲಿಲ್ಲ. ಕಟಿಂಗ್‌ಗೆಂದು ಬಂದು, ಉಳಿದವರು ಎದ್ದು ಹೋಗುವ ತನಕ ಪೇಪರ್ ತಿರುವುತ್ತ ಕೂತು, "ಯಾಕೋ ತಲಿ ಭಾರ ಆಗೇತಿ, ಮಾರಿ ಒಂದೀಟು ತಿಕ್ಕು ನೋಡೂಣು" ಎನ್ನುತ್ತಿದ್ದರು. ತಲೆ ಭಾರವಾದರೆ ಮುಖ ಯಾಕೆ ತಿಕ್ಕಬೇಕು ಎಂದು ನಾನು ಕೇಳಲಿಕ್ಕೆ ಹೋಗುತ್ತಿರಲಿಲ್ಲ. ಒಳಗೆ ಒಂದು ಪರದೆ ಕಟ್ಟಿ ಕುರ್ಚಿ ಹಾಕಿದ್ದೆ. ಮುಧೋಳದ ಸಕ್ಕರೆ ಕಾರ್ಖಾನೆಯ ಕ್ಲರ್ಕ್ ಒಬ್ಬರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಆ ಪರದೆಯ ಹಿಂದೆ ಕೂಡುತ್ತಿದ್ದರು. ಮುಧೋಳದಲ್ಲೇನು ಪಾರ್ಲರ್ ಇರಲಿಲ್ಲವೆಂದಲ್ಲ, ಅಲ್ಲಿ ಅವರ ಅಳಿಯನ ಕಣ್ಣಿಗೆ ಬೀಳುವ ಹೆದರಿಕೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹತ್ತು ವರ್ಷ ಆಗುತ್ತ ಬಂದಿದ್ದ ಕಾಲ ಅದು.

ಹೇಳಬೇಕಾದ ಕೆಟ್ಟ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಗಂಡಸರ ಮುಖಕ್ಕೆ ಬ್ಲೀಚ್ ಮಾಡಲು ನಾನು ಬಳಸುತ್ತಿದ್ದುದು ನೂಲನ್ನು ಬಿಳುಪು ಮಾಡುವ ಪೆರಾಕ್ಸೈಡು.

ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ನೇಕಾರರಿಗೆ ನೂಲು ಬಿಳುಪು ಮಾಡಿ, ಬಣ್ಣ ಹಾಕಿ ಕೊಡುತ್ತಿದ್ದರು. ಪವರ್‌ಲೂಮಿಗೆ ಹೊರಗಿನಿಂದ ತಯಾರಾದ ನೂಲೇ ಬರತೊಡಗಿದ ಮೇಲೆ ಹಂಡೆಗಳನ್ನು ಬೋರಲು ಹಾಕಿದೆವು. ಹಿತ್ತಲಿನ ತಗಡಿನ ಕೋಣೆಯಲ್ಲಿ ಒಂದು ನೀಲಿ ಕ್ಯಾನು ಪೆರಾಕ್ಸೈಡು ಉಳಿದಿತ್ತು. ಪಾರ್ಲರಿನಲ್ಲಿ ಬಳಸುವ ಬ್ಲೀಚಿನ ಡಬ್ಬಿಯೊಳಗೂ ಇರುವುದು ಅದೇ ಸರಕು, ತೀರ ಸೌಮ್ಯ ಮಾಡಿರುತ್ತಾರೆ ಅಷ್ಟೇ. ಡಬ್ಬಿಯ ದುಡ್ಡು ಉಳಿಸಬೇಕು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸೊಕ್ಕು. ಕಂಪನಿಯವರು ನಿನ್ನೆ ಮೊನ್ನೆ ಕಲಿತದ್ದನ್ನು ನಾನು ಕೂಸಿದ್ದಾಗಿನಿಂದ ನೋಡಿದ್ದೇನೆ ಎಂಬ ಸೊಕ್ಕು. ಒಂದು ಮುಚ್ಚಳ ಪೆರಾಕ್ಸೈಡಿಗೆ ಇಷ್ಟು ಮುಚ್ಚಳ ನೀರು ಎಂದು ನಾನೇ ಒಂದು ಅಳತೆ ಮಾಡಿಕೊಂಡೆ, ಕ್ರೀಮು ಬೆರೆಸಿದೆ, ಪರೀಕ್ಷೆಗೆ ಅಪ್ಪನ ಪದ್ಧತಿಯನ್ನೇ ಇಟ್ಟುಕೊಂಡೆ. ಅಪ್ಪ ಹಂಡೆಯೊಳಗೆ ಒಂದು ಎಳೆ ನೂಲು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎರಡೂ ಕೈಯಿಂದ ಎಳೆದು ನೋಡುತ್ತಿದ್ದರು. ಎಳೆ ಗಟ್ಟಿ ನಿಂತರೆ ಮದ್ದು ಬರೋಬ್ಬರಿ, ಪಟಕ್ಕನೆ ಹರಿದರೆ ಜೋರಾಗಿದೆ ಎಂದರ್ಥ. ನಾನೂ ಬಟ್ಟಲಿನ ಕ್ರೀಮಿನಲ್ಲಿ ಎಳೆ ಅದ್ದಿ ಎಳೆಯುತ್ತಿದ್ದೆ. ನೂಲು ತಡೆದರೆ ಮುಖವೂ ತಡೆಯುತ್ತದೆ ಎಂಬುದು ನನ್ನ ಶಾಸ್ತ್ರ. ವರ್ಷದ ಮೇಲೆ ಯಾರಿಗೂ ಏನೂ ಆಗಲಿಲ್ಲ. ಗಲ್ಲದ ಕರಿ ರೋಮ ಬಂಗಾರದ ಬಣ್ಣಕ್ಕೆ ತಿರುಗಿ ಮುಖ ತಿಳಿಯಾಗುತ್ತಿತ್ತು, ಗಿರಾಕಿ ಖುಷಿ, ನಾನೂ ಖುಷಿ.

ಆಗ ಬಂದವರು ಕಾಕಾ. ತೇರದಾಳದವರು. ನಮ್ಮ ಪಾರ್ಲರಿನ ಓಣಿಯಲ್ಲೇ ಇದ್ದ ದೊಡ್ಡ ಜವಳಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಸೀರೆ ತೋರಿಸುವ ಕೆಲಸ. ಅಂಗಡಿಗೆ ಬರುವ ಹೆಣ್ಣುಮಕ್ಕಳೆಲ್ಲ ಕಾಕಾ ಎನ್ನುತ್ತಿದ್ದುದರಿಂದ ಓಣಿಗೇ ಅವರು ಕಾಕಾ ಆಗಿದ್ದರು. ಗಾದಿಯ ಮೇಲೆ ಸೀರೆ ಹರವಿ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾಕಾ ಹಾಗಲ್ಲ. ಎದ್ದು ನಿಂತು, ಉಟ್ಟ ಧೋತರದ ಮೇಲೆಯೇ ಸೀರೆ ಸುತ್ತಿ, ನಿರಿಗೆ ಹಿಡಿದು, ಸೆರಗನ್ನು ಹೆಗಲ ಮೇಲೆ ಹಾಕಿ ಗಲ್ಲಕ್ಕೆ ಹಚ್ಚಿ ನಿಲ್ಲುತ್ತಿದ್ದರು. ನಗಲಿಕ್ಕೆಂದು ಬಾಯಿಗೆ ಕೈ ಹಿಡಿದ ಹೆಂಗಸರು ಎರಡು ನಿಮಿಷಕ್ಕೆ ನಗು ಮರೆತು ಸೀರೆಯ ಅಂಚಿನ ಧಡಿಯ ಬಣ್ಣ ನೋಡತೊಡಗುತ್ತಿದ್ದರು. "ನನ್ನಂಥಾ ಮಾರಿಗೆ ಒಪ್ಪಿದ ಬಣ್ಣ ನಿಮಗ ಒಪ್ಪಲಾರದೇನವ್ವಾ?" ಎಂದು ಅವರು ಕೇಳಿದರೆಂದರೆ ಆ ಸೀರೆ ಗಂಟು ಕಟ್ಟಿದಂತೆಯೇ.

ಪರದೆಯ ಹಿಂದೆ ಬಂದು ಕೂತ ಕಾಕಾ ತಲೆ ಭಾರದ ಮಾತೇ ಎತ್ತಲಿಲ್ಲ.

"ತಮ್ಮಾ, ನನಗ ಐವತ್ತೆರಡು. ದೀಪಾವಳಿಗೆ ನಮ್ಮ ಅಂಗಡಿ ಹೊಸಾ ಕಟ್ಟಡಕ್ಕ ಹೋಗತೈತಿ. ಗ್ವಾಡಿ ತುಂಬ ಕನ್ನಡಿ, ಮ್ಯಾಲೆ ದೀಪ. ಕೆಳಗಿನ ಕೌಂಟರಿಗೆ ಹರೇದವರನ್ನ ನಿಂದ್ರಸ್ತೇನಿ, ವಯಸ್ಸಾದವ್ರು ಮ್ಯಾಲೆ ಗೋದಾಮಿಗೆ ಅಂತ ಸಾವಕಾರ್ರು ಹೇಳ್ಯಾರ. ದಸರಾ ಆದಮ್ಯಾಲೆ ಆರಿಸ್ತಾರಂತ. ಅವರ ಕಣ್ಣಿಗೆ ನಾ ನಲವತ್ತೆರಡು ಕಾಣ್ಬೇಕು. ಆಗತೈತೇನು?"

"ಆಗತೈತ್ರಿ ಕಾಕಾ," ಎಂದೆ. ಆಗುವುದಿಲ್ಲ ಎಂದು ಹೇಳುವ ಅಭ್ಯಾಸ ನನಗಿರಲಿಲ್ಲ.

ಮೂರು ಸಲ ಕೂಡಬೇಕು ಎಂದು ಹೇಳಿದೆ. ಮೊದಲ ಸಲ ಕೂತಾಗ ಹತ್ತಿಯಿಂದ ಮುಖ ಒರೆಸಿ, ಬಿಸಿ ಹಬೆ ಕೊಟ್ಟು, ಮೂಗಿನ ಬದಿಯ ಕಪ್ಪು ತೆಗೆದೆ. ಹುಬ್ಬಿಗೂ ಮೀಸೆಗೂ ವ್ಯಾಸಲಿನ್ ಸವರಿ ಬ್ಲೀಚ್ ಹಚ್ಚಿದೆ. ತೊಳೆದ ಮೇಲೆ ಮಸಾಜು. ವಯಸ್ಸಾದ ಮುಖಕ್ಕೆ ಕೈ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಗದ್ದದಿಂದ ಕಿವಿಗೆ, ಹುಬ್ಬಿನಿಂದ ಕೂದಲಿಗೆ. ಕಣ್ಣಿನ ಸುತ್ತ ಉಂಗುರದ ಬೆರಳೊಂದೇ, ಅದೂ ಭಾರ ಹಾಕದೆ. ಕಾಕಾನ ಕಣ್ಣಿನ ಅಂಚಿನಲ್ಲಿ ಮೂರು ಮೂರು ಗೆರೆ ಇದ್ದವು. ಮೂವತ್ತು ವರ್ಷ ಗಿರಾಕಿಗೆ ನಕ್ಕು ನಕ್ಕು ಬಿದ್ದ ಗೆರೆ. ಅವೇನು ನನ್ನ ಕ್ರೀಮಿಗೆ ಹೋಗುವಂಥವಲ್ಲ ಎಂದು ಗೊತ್ತಿದ್ದೂ ಹೋಗುತ್ತವೆ ಎಂದೆ. ಕೊನೆಗೆ ತಲೆಗೂ ಮೀಸೆಗೂ ಬಣ್ಣ ಹಾಕಿ ಕನ್ನಡಿ ಕೊಟ್ಟೆ.

ಮುಖ ನಿಜಕ್ಕೂ ತಿಳಿಯಾಗಿತ್ತು. ಆದರೆ ಅವರು ಮುಖ ನೋಡಿಕೊಳ್ಳಲಿಲ್ಲ, ಕುತ್ತಿಗೆ ನೋಡಿಕೊಂಡರು.

"ಸೆರಗು ಬೀಳೂದು ಇಲ್ಲೇ ನೋಡು. ಇಲ್ಲಿ ಸುಕ್ಕು ಕಂಡ್ರ ಧಡಿ ಮ್ಯಾಲೆ ಯಾರ ಕಣ್ಣೂ ನಿಂದ್ರೂದಿಲ್ಲ."

"ಮುಂದಿನ ಸಲ ಕುತ್ತಿಗಿನೂ ಮಾಡೂಣ್ರಿ," ಎಂದೆ.

ನಡುವೆ ನೀಲಿ ಕ್ಯಾನು ಖಾಲಿಯಾಯಿತು. ಅಪ್ಪನ ಪರಿಚಯದ ಬಣ್ಣದ ಮನೆಯೊಂದು ರಬಕವಿಯಲ್ಲಿ ಇನ್ನೂ ನಡೆಯುತ್ತಿತ್ತು. ಅಲ್ಲಿಗೆ ಹೋಗಿ ಒಂದು ಸಣ್ಣ ಕ್ಯಾನು ತುಂಬಿಸಿಕೊಂಡು ಬಂದೆ. "ಮುಂಜಾನೆ ಬಂದ ಮಾಲು, ಭಾಳ ಛಲೋ ಐತಿ," ಎಂದರು ಅಲ್ಲಿಯವರು. ಹೊಸ ಮಾಲು ಎಂದು ನನಗೂ ಸಂತೋಷವೇ ಆಯಿತು.

ಕಾಕಾ ಎರಡನೆಯ ಸಲ ಬಂದದ್ದು ನವರಾತ್ರಿಯಲ್ಲಿ. ಬ್ಲೀಚ್ ಮಾಡಿಸಿಕೊಳ್ಳುವವರು ಹಿಂದಿನ ದಿನದಿಂದ ಗಡ್ಡ ಕೆರೆಯಬಾರದು ಎಂದು ಗೋಡೆಗೆ ಬೋರ್ಡು ಹಚ್ಚಿದ್ದೆ. ಕಾಕಾ ಕೆರೆದುಕೊಂಡೇ ಬಂದಿದ್ದರು. ಸಾಹುಕಾರರ ಎದುರು ನಿಲ್ಲುವವರು, ಒಂದು ದಿನ ಗಡ್ಡ ಬಿಟ್ಟರೆ ಬಿಳಿ ಮುಳ್ಳು ಕಾಣುತ್ತದೆ. ನಾನು ನೋಡಿದೆ, ನೋಡಿಯೂ ಬಿಟ್ಟೆ. ಹೊರಗೆ ಹಬ್ಬದ ಕಟಿಂಗಿಗೆ ನಾಲ್ಕು ಜನ ಕೂತಿದ್ದರು. ಹಳೆಯ ಅಳತೆಯಲ್ಲೇ ಬಟ್ಟಲಿನಲ್ಲಿ ಬೆರೆಸಿದೆ. ಕ್ರೀಮು ಎಂದಿಗಿಂತ ಹೆಚ್ಚು ನೊರೆ ಎದ್ದಿತು. ಅದನ್ನೂ ನೋಡಿದೆ. ಹೊಸ ಮಾಲಲ್ಲವೇ ಎಂದುಕೊಂಡೆ. ನೂಲಿನ ಎಳೆ ಅದ್ದಿ ಎಳೆದೆ, ಗಟ್ಟಿ ನಿಂತಿತು. ಹಣೆಯಿಂದ ಕುತ್ತಿಗೆಯ ಬುಡದವರೆಗೆ ಹಚ್ಚಿದೆ.

ಮೂರು ನಿಮಿಷ ಆಗಿರಬಹುದು. "ತಮ್ಮಾ, ಉರಿಯಾಕತ್ತೈತಿ," ಎಂದರು.

"ಉರೀತೈತ್ರಿ ಕಾಕಾ. ಉರಿಲಾರದ ಬಣ್ಣ ಬಿಡೂದಿಲ್ಲ."

ಅರ್ಧ ನಿಮಿಷಕ್ಕೆ ಮತ್ತೆ, "ಖರೇನ ಉರಿಯಾಕತ್ತೈತಿ ತಮ್ಮಾ," ಎಂದರು.

"ಇನ್ನೆರಡ ನಿಮಿಷ ತಡೀರಿ. ನಡಬರಕ ತೊಳದ್ರ ಪಟ್ಟಿ ಪಟ್ಟಿ ಆಗತೈತಿ."

ಅವರು ತಡೆದರು. ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿದ್ದರೂ, ನಾನು ಹೇಳಿದ್ದೇನೆ ಎಂದು ತಡೆದರು. ಮದ್ದು ಜೋರಾದದ್ದು ನನಗೆ ತಿಳಿಯದೆ ಆದ ತಪ್ಪು. ಆ ಎರಡು ನಿಮಿಷ ಮಾತ್ರ ನಾನು ತಿಳಿದೇ ಮಾಡಿದ್ದು. ಎದುರಿಗಿದ್ದವನು ಉರಿ ಎನ್ನುತ್ತಿದ್ದ, ನಾನು ನನ್ನ ಮಾತು ಸುಳ್ಳಾಗಬಾರದೆಂದು ನಿಂತಿದ್ದೆ.

ತೊಳೆದಾಗ ಗಲ್ಲದ ಮೇಲೆ, ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಬದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನೋಡನೋಡುತ್ತ ಆ ಬಿಳುಪಿನ ಅಂಚು ಕೆಂಪೇರಿತು. ತಣ್ಣೀರು ಸುರಿದೆ, ಲೋಳೆಸರದ ಲೋಳೆ ಹಚ್ಚಿದೆ.

"ಏನಾತು?" ಎಂದರು.

"ಗಡ್ಡಾ ಮಾಡ್ಕೊಂಡ ಬಂದೀರಲ್ರಿ ಕಾಕಾ. ಬೋರ್ಡ ಹಚ್ಚೇನಿ, ನೋಡ್ರಿ."

ಅವರು ಒದ್ದೆ ಕಣ್ಣಿನಿಂದ ಬೋರ್ಡಿನ ಕಡೆ ನೋಡಿದರು. ನಿಧಾನವಾಗಿ ಪೂರ್ತಿ ಓದಿದರು. "ಖರೆ," ಎಂದರು, "ನಂದ ತಪ್ಪಾತು."

ಮರುದಿನ ಗುಳ್ಳೆ ಎದ್ದವು. ನಾಲ್ಕು ದಿನಕ್ಕೆ ಸಿಪ್ಪೆ ಸುಲಿದು, ಸುಲಿದ ಜಾಗವೆಲ್ಲ ಕಪ್ಪಾಗತೊಡಗಿತು. ಕಾಕಾ ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಕೇಳಿದವರಿಗೆಲ್ಲ, "ಅಂವನ ಕೈ ಛಲೋ ಐತಿ, ನಾನ ಗಡ್ಡಾ ಮಾಡ್ಕೊಂಡ ಹೋಗಿದ್ನಿ," ಎಂದು ಹೇಳುತ್ತಿದ್ದರಂತೆ. ನನ್ನ ಗಿರಾಕಿಗಳೇ ಬಂದು ಅದನ್ನು ನನಗೆ ಹೇಳಿದರು. ನನ್ನ ಅಂಗಡಿಗೆ ಕೆಟ್ಟ ಹೆಸರು ಬರಬಾರದೆಂದು ಸುಟ್ಟ ಮುಖ ಹೊತ್ತ ಮನುಷ್ಯ ಓಣಿ ತುಂಬ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದ.

ಆ ವಾರ ಬನಹಟ್ಟಿಗೆ ಹೋದೆ. ಅಪ್ಪನಿಗೆ ಮೋತಿಬಿಂದು ಬಂದು ಕಣ್ಣು ಮಂಜಾಗಿತ್ತು, ಬುದ್ಧಿ ಮಂಜಾಗಿರಲಿಲ್ಲ. ಯಾರೋ ಪರಿಚಯದವರ ನೂಲು ಕೆಟ್ಟಿತಂತೆ ಎಂದು ಶುರು ಮಾಡಿದೆ. ಅವರು ಎರಡು ಪ್ರಶ್ನೆ ಕೇಳಿದರು. ಹಳೆಯ ಕ್ಯಾನು ಎಲ್ಲಿತ್ತು, ಹೊಸದು ಯಾವಾಗ ಬಂತು.

"ಹಳೇ ಮಾಲಿನ ಅಳತೀನ ಹೊಸಾ ಮಾಲಿಗೆ ಹಾಕಿದ್ಯಾ?"

"ಹಾಕ್ಯಾರಂತ," ಎಂದೆ.

"ತಗಡಿನ ಬುಡಕ ನಾಕ ಬ್ಯಾಸಗಿ ಕಂಡ ಕ್ಯಾನಲೇ ಅದು. ಬಿಸಲಿಗೆ ಅದರ ಕಸುವು ಅರ್ಧಾ ಹೋಗಿರತೈತಿ. ಅದಕ ನಾವು ಹಳೇದು ಜಾಸ್ತಿ ಹಾಕತಿದ್ವಿ, ಹೊಸಾದು ಬಂದ ದಿನಾ ಅಳತಿ ಇಳಸತಿದ್ವಿ. ನೋಡಿಲ್ಲೇನ ನೀ?"

"ನೂಲು ತಡೀತಲ್ಲಪ್ಪಾ."

"ಕೆಟ್ಟತು ಅಂದಿ, ಈಗ ತಡೀತು ಅಂತಿ. ಯಾವ ನೂಲು?" ಎಂದರು ಅಪ್ಪ. ಮತ್ತೆ ನನ್ನ ಕಡೆ ಮುಖ ತಿರುಗಿಸಿ, "ಯಾರ ಮಾರಿಗೆ ಹಚ್ಚೀದಿ?" ಎಂದರು.

ಹೇಳಿದೆ. ನಾನು ಏಳುವಾಗ, "ಹೋಗಿ ಅವಗ ಹೇಳು ಮೊದಲ," ಎಂದಷ್ಟೇ ಅಂದರು.

ಜಮಖಂಡಿಗೆ ಬಂದವನೇ ಕ್ಯಾನನ್ನು ನೀರು ಬೆರೆಸಿ ಗಟಾರಕ್ಕೆ ಸುರಿದೆ, ಕಂಪನಿಯ ಡಬ್ಬಿ ತಂದಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾಕಾನನ್ನು ಬಾಗಲಕೋಟೆಯ ಚರ್ಮದ ಡಾಕ್ಟರರ ಕಡೆ ಕರೆದುಕೊಂಡು ಹೋಗುವುದೆಂದು ಠರಾಯಿಸಿದೆ. ದಾರಿಯಲ್ಲಿ ಹೇಳಿಬಿಡುವುದು ಎಂದೂ ಠರಾಯಿಸಿದೆ.

ಬೀಳಗಿಯ ಮೇಲೆ ಹೋಗುವ ಬಸ್ಸು ಹಿಡಿದೆವು. ಬೀಳಗಿ ದಾಟಲಿ, ಹೇಳುತ್ತೇನೆ ಎಂದುಕೊಂಡೆ. ಬೀಳಗಿ ದಾಟಿತು. ಅನಗವಾಡಿಯ ಹೊಳೆಯ ಪೂಲು ಬರಲಿ ಎಂದುಕೊಂಡೆ. ಪೂಲಿನ ಎರಡೂ ಕಡೆ ಅಣೆಕಟ್ಟಿನ ಹಿನ್ನೀರು ತುಂಬಿತ್ತು. ಕಾಕಾ ಕಿಟಕಿಯಿಂದ ಅದನ್ನೇ ನೋಡುತ್ತ, "ಇಲ್ಲಿ ಮುಳುಗಿದ ಊರಾಗಿನ ಹೆಣ್ಣಮಕ್ಕಳು ಹಸರು ಧಡಿ ಬಿಟ್ಟು ಬ್ಯಾರೇದು ತಗೋತಿದ್ದಿಲ್ಲ ತಮ್ಮಾ. ನಾ ಅವರು ಬರೂದ ನೋಡೇ ಹಸರು ಧಡೀವು ತಗದ ಇಡತಿದ್ನಿ. ಹೊಸಾ ಊರಿಗೆ ಹೋದಮ್ಯಾಲೆ ಏನ ಸಿಗತೈತಿ ಅದನ್ನ ಉಡ್ತಾರ," ಎಂದರು. ಆ ಮಾತಿನ ನಡುವೆ ನನ್ನ ಮಾತು ಹೇಗೆ ತರಲಿ ಎಂಬ ನೆವ ಸಿಕ್ಕಿತು. ಪೂಲೂ ದಾಟಿತು.

ಡಾಕ್ಟರು ಕಾಕಾನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ, "ಏನು ಹಚ್ಚಿದ್ರಿ? ಸರಿಯಾಗಿ ಹೇಳಿ, ಅದರ ಮೇಲೆ ನನ್ನ ಔಷಧ," ಎಂದರು.

ನಾನು ಚೀಲದಿಂದ ಕಂಪನಿಯ ಬ್ಲೀಚಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ಯಾಕೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ ಎಂದು ನನಗೇ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಗೊತ್ತಿತ್ತು.

ಡಾಕ್ಟರು ಡಬ್ಬಿಯ ಮೇಲಿನ ಅಕ್ಷರ ಓದಿದರು. "ಇದು ಇಷ್ಟು ಸುಡೋ ಮಾಲಲ್ಲ. ಬೇರೆ ಏನೋ ಇದೆ," ಎಂದು ಕಾಕಾನನ್ನು ಕೇಳಿದರು, "ಏನು ಕೆಲಸ ಮಾಡ್ತೀರಿ?"

ಕಾಕಾ ಹೇಳಿದರು. ಬರೀ ಹೇಳಲಿಲ್ಲ, ಎದ್ದು ನಿಂತು ಟವೆಲ್ಲಿನಿಂದಲೇ ಸೆರಗು ಮಾಡಿ, ಹೆಗಲ ಮೇಲೆ ಹಾಕಿ, ಗಲ್ಲಕ್ಕೆ ಹಚ್ಚಿ ತೋರಿಸಿದರು. ಡಾಕ್ಟರು ನಗಲಿಲ್ಲ. ಟವೆಲ್ಲು ತಾಗಿದ ಜಾಗವನ್ನೇ ಮತ್ತೆ ಮತ್ತೆ ನೋಡಿದರು. ಹೊಸ ಬಟ್ಟೆಗೆ ಗಂಜಿ, ಬಣ್ಣ, ಹೊಳಪಿನ ರಾಸಾಯನಿಕ ಇರುತ್ತದೆ, ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಅದು ಒಗ್ಗದಂತೆ ಆಗುತ್ತದೆ, ಕ್ರೀಮು ಹಚ್ಚಿದ್ದಕ್ಕೆ ಒಳಗಿದ್ದ ಅಲರ್ಜಿ ಹೊರಗೆ ಬಂದಿದೆ ಎಂದರು. ನನ್ನ ಡಬ್ಬಿಯನ್ನು ನಂಬಿ ಲೆಕ್ಕ ಹಾಕಿದರೆ ಅವರ ಮಾತು ಬರೋಬ್ಬರಿಯೇ ಇತ್ತು.

"ಮುಖ ಉಳಿಬೇಕು ಅಂದ್ರೆ ಹೊಸ ಬಟ್ಟೆಯಿಂದ ದೂರ ಇರಬೇಕು."

"ಎಷ್ಟ ದಿವಸರೀ?"

"ದಿನದ ಮಾತಲ್ಲ. ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ."

ಕಾಕಾ ಹೆಗಲ ಮೇಲಿದ್ದ ಟವೆಲ್ಲನ್ನು ನಿಧಾನವಾಗಿ ಇಳಿಸಿ ಮಡಚಿದರು. ಜವಳಿ ಅಂಗಡಿಯವರ ಕೈ, ಅಂಚಿಗೆ ಅಂಚು ಕೂಡಿಸಿಯೇ ಮಡಚಿತು.

ನನಗೆ ಆಗ ಏನನ್ನಿಸಿತು ಎಂಬುದನ್ನು ಬರೆಯಲೇಬೇಕು. ಹಗುರ ಅನ್ನಿಸಿತು. ತಪ್ಪು ನನ್ನದೂ ಅಲ್ಲ, ಅವರ ಗಡ್ಡದ್ದೂ ಅಲ್ಲ, ಬಟ್ಟೆಯದು ಎಂದು ದೊಡ್ಡವರೊಬ್ಬರು ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ನಾನು ನಿದ್ದೆಯನ್ನೂ ಮಾಡಿದೆ. ಹೀಗೆ ನಿದ್ದೆ ಬಂದದ್ದಕ್ಕೆ ನಾಚಿದಷ್ಟು ನಾನು ಬೇರೆ ಯಾವುದಕ್ಕೂ ನಾಚಿಲ್ಲ.

ದೀಪಾವಳಿಗೆ ಹೊಸ ಅಂಗಡಿ ತೆರೆಯಿತು, ನನ್ನ ಪಾರ್ಲರಿನ ಎದುರು ಸಾಲಿನಲ್ಲೇ. ಕಾಕಾ ಅಲ್ಲಿರಲಿಲ್ಲ. ಸಾಹುಕಾರರು ಗೋದಾಮಿಗಾದರೂ ಬರ್ರಿ ಎಂದಿದ್ದರಂತೆ, ಆದರೆ ಗೋದಾಮಿನಲ್ಲಿ ಇರುವುದೂ ಹೊಸ ಬಟ್ಟೆಯೇ ಅಲ್ಲವೇ. ತೇರದಾಳದ ಒಂದು ಬೆಲ್ಲದ ಅಂಗಡಿಯಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದರು. ಒಂದೂವರೆ ತಿಂಗಳಿಗೆ ನನ್ನ ಕಡೆ ಬಂದು ಕೂತರು. ಸುಟ್ಟ ಗಾಯವಲ್ಲವೇ, ಕಾಲ ಕಳೆದಂತೆ ಕಪ್ಪು ತಿಳಿಯಾಗಿತ್ತು.

"ನೋಡ ತಮ್ಮಾ, ಡಾಕ್ಟರ ಹೇಳಿದ್ದ ಖರೆ ಆತು. ಹೊಸಾ ಅರಿವಿ ಬಟ್ಟಿ ಬಿಟ್ಟೆ, ಮಾರಿ ಆರಿತು. ಮನ್ಯಾಗ ಯಾರೇ ಹೊಸಾದ ತಂದ್ರೂ ಮೂರ ಸಲ ಒಗದ ಒಳಗ ತರ್ರಿ ಅಂತ ಹೇಳೇನಿ."

ನನ್ನ ಸುಳ್ಳಿಗೆ ಈಗ ಅವರ ಮುಖವೇ ಪುರಾವೆಯಾಗಿತ್ತು. "ಛಲೋ ಆತ್ರಿ ಕಾಕಾ," ಎಂದು ಅವರ ಗಡ್ಡಕ್ಕೆ ಸಾಬೂನು ಹಚ್ಚಿದೆ.

ಮಾಘದಲ್ಲಿ ಅವರ ತಂಗಿಯ ಮಗಳ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆಯ ಬಟ್ಟೆ ಆರಿಸಲು ಮನೆಮಂದಿಯೆಲ್ಲ ಒಟ್ಟಾಗಿ ಜವಳಿ ಅಂಗಡಿಗೆ ಹೋಗುತ್ತಾರೆ, ಬಸ್ತಾ ಎನ್ನುತ್ತಾರೆ ಅದಕ್ಕೆ. ಮುಂಜಾನೆ ಕೂತರೆ ಸಂಜೆಗೆ ಏಳುವ ಕೆಲಸ. ಗಿರಾಕಿಯ ಕೂದಲು ಕತ್ತರಿಸುತ್ತಿದ್ದವನು ತಲೆ ಎತ್ತಿ ನೋಡಿದರೆ, ಎದುರಿನ ಅಂಗಡಿಯ ಒಳಗೆ ಹೆಂಗಸರೆಲ್ಲ ಕೂತಿದ್ದಾರೆ, ಕಾಕಾ ಹೊರಗೆ ಗಟಾರದ ಈಚೆ ರಸ್ತೆಯ ಮೇಲೆ ನಿಂತಿದ್ದಾರೆ. ಟವೆಲ್ಲನ್ನು ಮೂಗಿನವರೆಗೆ ಕಟ್ಟಿಕೊಂಡಿದ್ದರು. ಕತ್ತರಿ ಇಟ್ಟು ಬಾಗಿಲಿಗೆ ಬಂದೆ.

"ಆ ಕಂದು ಬ್ಯಾಡ, ಅದರ ಬಾಜೂದ ತಗೀರಿ," ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಒಳಗೆ ಸೀರೆ ಬಿಚ್ಚಿದವನಿಗೆ, "ಹಂಗಲ್ಲೋ, ಸೆರಗ ಮುಂದ ಮಾಡ. ಧಡಿ ಬೆಳಕಿಗೆ ಬರಲಿ." ಅವನು ಎತ್ತಿ ಹಿಡಿದ. ಒಳಗಿನ ಫ್ಯಾನಿನ ಗಾಳಿಗೆ ಸೆರಗು ಹಾರಿ ಬಾಗಿಲಿನಿಂದ ಹೊರಗೆ, ಕಾಕಾನ ಕಡೆ ಬಂತು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಹಾವು ಕಂಡರೂ ಮನುಷ್ಯ ಅಷ್ಟು ಬೇಗ ಸರಿಯುವುದಿಲ್ಲ.

ಆಗಲೇ ಹೋಗಿ ಹೇಳಿದೆ ಎಂದು ಬರೆಯುವ ಆಸೆ ನನಗಿದೆ. ಹೋಗಲಿಲ್ಲ. ಒಳಗೆ ಬಂದು ಕಟಿಂಗ್ ಮುಗಿಸಿದೆ, ಇನ್ನೊಬ್ಬರ ಗಡ್ಡ ಶುರು ಮಾಡಿದೆ, ಅವರ ಗದ್ದಕ್ಕೆ ಬ್ಲೇಡು ತಾಗಿಸಿದೆ. ರಕ್ತ ಬಂತು. "ಎಲ್ಲೈತೋ ಧ್ಯಾನ?" ಎಂದು ಅವರು ಬೈದರು. ಪಟಿಕ ಹಚ್ಚಿ, ಕೈ ತೊಳೆದು, ಅಂಗಡಿಗೆ ಯಾರನ್ನೂ ಕೂರಿಸದೆ ರಸ್ತೆ ದಾಟಿದೆ. ಬಸ್ತಾ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

"ಕಾಕಾ, ಅರಿವಿ ನಿಮಗೇನೂ ಮಾಡಿಲ್ರಿ," ಎಂದೆ. "ನಾ ಮಾಡೇನಿ."

ರಸ್ತೆಯ ಮೇಲೆ ನಿಂತೇ ಎಲ್ಲ ಹೇಳಿದೆ. ನೂಲಿನ ಪೆರಾಕ್ಸೈಡು, ಹಳೆಯ ಕ್ಯಾನು, ಹೊಸ ಕ್ಯಾನು, ಅಪ್ಪ ಹೇಳಿದ್ದು. ಅವರು ಟವೆಲ್ಲು ಕೆಳಗಿಳಿಸಿ ಕೇಳಿದರು. ಒಂದು ಟ್ರ್ಯಾಕ್ಟರು ಹಾರ್ನು ಹೊಡೆಯುತ್ತ ಹೋಯಿತು.

"ಡಾಕ್ಟರ ಮುಂದ ಇಟ್ಟಿ ಅಲಾ, ಆ ಡಬ್ಬಿ?"

"ಅದನ್ನ ನಿಮಗ ಹಚ್ಚೇ ಇಲ್ರಿ."

"ಮತ್ತ ಗಡ್ಡಾ ಮಾಡ್ಕೊಂಡಿದ್ದು?"

"ಗಡ್ಡಾ ಮಾಡದಿದ್ರೂ ಸುಡತಿತ್ರಿ."

ಅವರು ನನ್ನ ಮಣಿಕಟ್ಟು ಹಿಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಬೇಕಾಗಿತ್ತು. ಗಟಾರ ದಾಟಿಸಿ, ಮೆಟ್ಟಿಲು ಹತ್ತಿಸಿ, ನೆಟ್ಟಗೆ ಸಾಹುಕಾರರ ಮೇಜಿನ ಮುಂದೆ ನಿಲ್ಲಿಸಿ, "ಇಲ್ಲಿ ಹೇಳು," ಎಂದರು.

ಅಂಗಡಿ ತುಂಬ ಕನ್ನಡಿ. ಯಾವ ಕಡೆ ತಿರುಗಿದರೂ ನನ್ನ ಮುಖವೇ. ಮತ್ತೆ ಮೊದಲಿನಿಂದ ಹೇಳಿದೆ, ಈ ಸಲ ಆ ಎರಡು ನಿಮಿಷದ ಮಾತನ್ನೂ ಬಿಡಲಿಲ್ಲ. ಸಾಹುಕಾರರು ಕಾಕಾನ ಕಡೆ ತಿರುಗಿದರು.

"ಸೀರಿ ಕೌಂಟರಿಗೆ ಮಂದಿ ತುಂಬ್ಯಾರ ಕಾಕಾ. ಅವರನ್ನ ಬಿಡಸಾಕ ಬರೂದಿಲ್ಲ. ಮ್ಯಾಲಿನ ಮಜಲಿನ್ಯಾಗ ಧೋತರ, ಟವೆಲ್ಲು ಅದಾವ. ಬರತೀನಿ ಅಂದ್ರ ನಾಳೆನ ಬರ್ರಿ."

"ಬರ್ತೇನ್ರಿ," ಎಂದರು ಕಾಕಾ.

ಧೋತರವನ್ನು ಯಾರೂ ಸುತ್ತಿ ತೋರಿಸುವುದಿಲ್ಲ. ಅಳತೆ ಹೇಳಿದರೆ ತೆಗೆದು ಕೊಡುವುದು, ಅಷ್ಟೇ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು "ತಪ್ಪಾತ್ರಿ ಕಾಕಾ" ಎಂದೆ. ಅವರು ತಂಗಿಯ ಮುಂದೆ ಬಿಚ್ಚಿ ಬಿದ್ದಿದ್ದ ಸೀರೆಗಳ ಕಡೆ ನೋಡುತ್ತಿದ್ದರು, ಇನ್ನೂ ಮುಟ್ಟಿರಲಿಲ್ಲ.

"ನಾಕ ತಿಂಗಳಾತು," ಎಂದರು ನನ್ನ ಕಡೆ ತಿರುಗದೆಯೇ. "ನಿನ್ನ ಮ್ಯಾಲೆ ನನಗ ಒಂದ ದಿನಾ ಸಿಟ್ಟ ಬರಲಿಲ್ಲಲೋ. ಮೂವತ್ತ ವರ್ಷ ಅನ್ನಾ ಹಾಕಿದ ಅರಿವಿ ಮ್ಯಾಲೆ ಸಿಟ್ಟ ಮಾಡ್ಕೊಂಡ ಕುಂತಿದ್ದೆ."

ಆಮೇಲೆ ಚಪ್ಪಲಿ ಕಳಚಿ, ಗಾದಿಯ ಮೇಲೆ ತಂಗಿಯ ಪಕ್ಕದಲ್ಲಿ ಕೂತರು.